ಕುರಿಗೆ ಬೆಲೆ ಕಟ್ಟಬಹುದು, ಕುರಿಯ ನೆನಪಿಗೆ?

ಇಂಗ್ಲೆಂಡಿನ ವಾಯವ್ಯ ಮೂಲೆಯಲ್ಲಿ ಕಂಬ್ರಿಯಾ ಎಂಬ ಕೌಂಟಿಯಿದೆ. ಕೌಂಟಿ ಎಂದರೆ ನಮ್ಮ ಜಿಲ್ಲೆ ಇದ್ದಂತೆ. ಸರೋವರಗಳು, ಬೋಳು ಗುಡ್ಡಗಳು, ಕಲ್ಲು ಪೇರಿಸಿ ಕಟ್ಟಿದ ಬೇಲಿಗಳು, ಗುಡ್ಡದ ತುಂಬ ಕುರಿಗಳು: ಇದು ಆ ಸೀಮೆಯ ಚಿತ್ರ. ವಸಂತ ಬಂತೆಂದರೆ ಅಲ್ಲಿ ಕುರಿ ಈಯುವ ಕಾಲ. ಆಗತಾನೆ ಹುಟ್ಟಿದ ಮರಿಗಳ ಕೂಗು ಕಣಿವೆಯಿಂದ ಕಣಿವೆಗೆ ಕೇಳಿಸುತ್ತದೆ.

2001ರ ವಸಂತದಲ್ಲಿ ಆ ಕೂಗು ಕೇಳಿಸಲಿಲ್ಲ. ಹಳ್ಳಿಯ ದಾರಿಗಳಲ್ಲಿ ಸೋಂಕುನಿವಾರಕ ದ್ರಾವಣದಲ್ಲಿ ನೆನೆಸಿದ ಹುಲ್ಲಿನ ಹಾಸುಗಳಿದ್ದವು. ಹೊಲಮನೆಗಳ ಗೇಟುಗಳ ಮೇಲೆ ‘ಒಳಗೆ ಬರಬೇಡಿ’ ಎಂಬ ಫಲಕಗಳು ತೂಗುತ್ತಿದ್ದವು. ದೂರದಲ್ಲಿ ಉರಿಯುವ ಚಿತೆಗಳಿಂದ ದಟ್ಟ ಹೊಗೆ ಏಳುತ್ತಿತ್ತು. ಸುಡುತ್ತಿದ್ದುದು ದನ, ಕುರಿ, ಹಂದಿಗಳನ್ನು. ರೈತರ ಮಕ್ಕಳಲ್ಲಿ ಕೆಲವರು ವಾರಗಟ್ಟಲೆ ಶಾಲೆಗೆ ಹೋಗಲಿಲ್ಲ. ಹೋಗಲೇಬೇಕಾದವರು ಮನೆ ಬಿಟ್ಟು ಬಂಧುಗಳ ಮನೆಯಲ್ಲಿ ಉಳಿದು ಓದಿದರು. ಓಡಾಡಿದರೆ ಚಪ್ಪಲಿಗೆ ಅಂಟಿಕೊಂಡು ರೋಗ ಮನೆಗೆ ಬಂದೀತೆಂಬ ಭಯ.

ಆ ರೋಗ ನಮಗೆ ಹೊಸದಲ್ಲ. ದನ ಕಟ್ಟಿದ ಯಾವ ಮನೆಯವರಿಗೂ ಅದರ ಹೆಸರು ಗೊತ್ತು. ಅದೇ ಕಾಲುಬಾಯಿ ಜ್ವರ. ಇಲ್ಲಿ ಬಂದು ಹೋಗುವ ಈ ಕಾಯಿಲೆಗೆ ಅಲ್ಲಿ 60 ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಕೊಲ್ಲಲಾಯಿತು ಎಂದರೆ ನಂಬುವುದು ಕಷ್ಟ. ಹೀಗೇಕಾಯಿತು? ಪ್ರಾಣಿ ಕಳೆದುಕೊಂಡ ರೈತರಿಗೆ ಸರ್ಕಾರ ಹಣ ಕೊಟ್ಟಿತೆ? ಕೊಟ್ಟ ಹಣದಿಂದ ಕಳೆದುಹೋದದ್ದೆಲ್ಲ ತಿರುಗಿ ಬಂತೆ? ವಿದ್ಯಾರ್ಥಿಗಳಿಗೆ ಈ ಕತೆಯಲ್ಲಿ ಜೀವಶಾಸ್ತ್ರ, ಲೆಕ್ಕ, ಅರ್ಥಶಾಸ್ತ್ರ ಮೂರೂ ಒಟ್ಟಿಗೆ ಸಿಗುತ್ತವೆ.

ಕಣ್ಣಿಗೆ ಕಾಣದ ಶತ್ರು

ಕಾಲುಬಾಯಿ ಜ್ವರ ಗೊರಸು ಸೀಳಿರುವ ಪ್ರಾಣಿಗಳ ಕಾಯಿಲೆ. ದನ, ಎಮ್ಮೆ, ಕುರಿ, ಮೇಕೆ, ಹಂದಿಗಳಿಗೆ ಬರುತ್ತದೆ. ಸೀಳದ ಗೊರಸಿನ ಕುದುರೆಗೆ ಬರುವುದಿಲ್ಲ. ಮೊದಲು ಜ್ವರ, ಆಮೇಲೆ ಬಾಯೊಳಗೆ, ನಾಲಿಗೆಯ ಮೇಲೆ, ಗೊರಸಿನ ಸಂದಿಯಲ್ಲಿ ಬೊಕ್ಕೆಗಳು. ಹಸು ಜೊಲ್ಲು ಸುರಿಸುತ್ತದೆ, ಮೇವು ಬಿಡುತ್ತದೆ, ಕುಂಟುತ್ತದೆ, ಹಾಲು ಇಳಿಯುತ್ತದೆ. ಬೆಳೆದ ಪ್ರಾಣಿಗಳಲ್ಲಿ ಹೆಚ್ಚಿನವು ಚೇತರಿಸಿಕೊಳ್ಳುತ್ತವೆ. ಎಳೆಗರು, ಎಳೆಮರಿಗಳಲ್ಲಿ ಮಾತ್ರ ವೈರಾಣು ಹೃದಯದ ಸ್ನಾಯುವಿಗೆ ತಗಲಿ ಸಾವು ಸಂಭವಿಸುವುದು ಹೆಚ್ಚು.

ರೋಗಕ್ಕೆ ಕಾರಣವಾದ ವೈರಾಣು ಅತಿ ಸಣ್ಣ ವೈರಾಣುಗಳ ಗುಂಪಿಗೆ ಸೇರಿದ್ದು. ಒಂದು ಮಿಲಿಮೀಟರ್ ಉದ್ದದಲ್ಲಿ ಇಂಥ 30 ಸಾವಿರಕ್ಕೂ ಹೆಚ್ಚು ಕಣಗಳನ್ನು ಸಾಲಾಗಿ ಜೋಡಿಸಬಹುದು. ಪ್ರಾಣಿಗಳ ಕಾಯಿಲೆಯೊಂದಕ್ಕೆ ಬ್ಯಾಕ್ಟೀರಿಯಾಗಿಂತ ಸಣ್ಣದಾದ, ಸೂಕ್ಷ್ಮ ಸೋಸುಗವನ್ನೂ ದಾಟಿ ಹೋಗುವ ರೋಗಾಣು ಕಾರಣವೆಂದು ಮೊದಲು ತೋರಿಸಿದ್ದೇ ಈ ರೋಗದಲ್ಲಿ. 19ನೆಯ ಶತಮಾನದ ಕೊನೆಯಲ್ಲಿ ಜರ್ಮನಿಯ ಲೋಫ್ಲರ್ ಮತ್ತು ಫ್ರಾಷ್ ಎಂಬ ವಿಜ್ಞಾನಿಗಳು ಮಾಡಿದ ಆ ಕೆಲಸ ವೈರಾಣು ಶಾಸ್ತ್ರದ ಮೊದಲ ಮೆಟ್ಟಿಲುಗಳಲ್ಲಿ ಒಂದು.

ಈ ವೈರಾಣುವಿನಲ್ಲಿ ಏಳು ಮುಖ್ಯ ಬಗೆಗಳಿವೆ. ಒಂದು ಬಗೆಗೆ ಹಾಕಿದ ಲಸಿಕೆ ಇನ್ನೊಂದು ಬಗೆಯಿಂದ ರಕ್ಷಿಸುವುದಿಲ್ಲ. ಬ್ರಿಟನ್ನಿಗೆ 2001ರಲ್ಲಿ ಬಂದದ್ದು ‘ಓ’ ಬಗೆಯ ‘ಪ್ಯಾನ್‌ಏಷ್ಯಾ’ ಎಂಬ ತಳಿ. ಇದು ಮೊದಲು ಕಾಣಿಸಿಕೊಂಡದ್ದು 1990ರಲ್ಲಿ, ಉತ್ತರ ಭಾರತದಲ್ಲಿ! ಅಲ್ಲಿಂದ ಹತ್ತು ವರ್ಷಗಳಲ್ಲಿ ಏಷ್ಯಾದ ಉದ್ದಗಲಕ್ಕೂ ಹರಡಿ, 2000ರಲ್ಲಿ ಜಪಾನ್, ದಕ್ಷಿಣ ಕೊರಿಯಾ, ದಕ್ಷಿಣ ಆಫ್ರಿಕಾಗಳನ್ನು ಮುಟ್ಟಿ, ಮರುವರ್ಷ ಇಂಗ್ಲೆಂಡಿಗೆ ಕಾಲಿಟ್ಟಿತು.

ಕಲಗಚ್ಚಿನಿಂದ ಸಂತೆಗೆ

2001ರ ಫೆಬ್ರುವರಿ 20ರಂದು ಎಸೆಕ್ಸ್ ಕೌಂಟಿಯ ಕಸಾಯಿಖಾನೆಯೊಂದರಲ್ಲಿದ್ದ ಹಂದಿಗಳಿಗೆ ರೋಗ ತಗಲಿರುವುದು ಖಚಿತವಾಯಿತು. ಮೂಲ ಹುಡುಕುತ್ತ ಹೋದ ಪಶುವೈದ್ಯರು ತಲುಪಿದ್ದು ನ್ಯೂಕಾಸಲ್ ನಗರದ ಬಳಿಯ ಒಂದು ಹಂದಿ ಸಾಕಣೆಯ ಹೊಲಕ್ಕೆ. ಅಲ್ಲಿನ ಹಂದಿಗಳಿಗೆ ಹೋಟೆಲು ಅಡುಗೆಮನೆಗಳ ಕಲಗಚ್ಚು ಹಾಕಲಾಗುತ್ತಿತ್ತು. ಅದನ್ನು ಚೆನ್ನಾಗಿ ಕುದಿಸಿಯೇ ಹಾಕಬೇಕೆಂಬ ಕಾನೂನು ಇತ್ತು; ಅದು ಪಾಲನೆಯಾಗಿರಲಿಲ್ಲ. ಹೊರದೇಶದಿಂದ ಕಳ್ಳದಾರಿಯಲ್ಲಿ ಬಂದ ಮಾಂಸದ ತುಣುಕು ಆ ಕಲಗಚ್ಚಿನಲ್ಲಿ ಸೇರಿರಬೇಕು ಎಂಬುದು ತಜ್ಞರ ಊಹೆ.

ರೋಗ ತಗಲಿದ ಹಂದಿ ಉಸಿರಿನ ಜೊತೆ ಅಪಾರ ಪ್ರಮಾಣದಲ್ಲಿ ವೈರಾಣುಗಳನ್ನು ಹೊರಬಿಡುತ್ತದೆ. ಅವು ಗಾಳಿಯಲ್ಲಿ ತೇಲಿ ಕೆಲವೇ ಕಿಲೋಮೀಟರ್ ದೂರದ ಕುರಿಗಳನ್ನು ಸೇರಿದವು. ಕುರಿಗಳಲ್ಲಿ ಈ ರೋಗದ ಲಕ್ಷಣ ಬಹಳ ಮಂದ. ಅನುಭವಸ್ಥನ ಕಣ್ಣಿಗೂ ತಪ್ಪಿಹೋಗಬಹುದು. ಫೆಬ್ರುವರಿ 13ರಂದು ಅಂಥ ಕುರಿಗಳು ಹೆಕ್ಸ್‌ಹ್ಯಾಮ್ ಸಂತೆಗೆ ಹೋದವು. ಅಲ್ಲಿಂದ ವ್ಯಾಪಾರಿಗಳ ಲಾರಿಗಳಲ್ಲಿ ಕಂಬ್ರಿಯಾದ ಲಾಂಗ್‌ಟೌನ್ ಸಂತೆಗೆ ಬಂದವು. ಲಾಂಗ್‌ಟೌನ್ ಬ್ರಿಟನ್ನಿನ ಅತಿ ದೊಡ್ಡ ಕುರಿ ಸಂತೆಗಳಲ್ಲಿ ಒಂದು. ದೇಶದ ನಾಲ್ಕು ದಿಕ್ಕಿಗೂ ಕುರಿಗಳು ಚದುರಿದವು. ಫೆಬ್ರುವರಿ 23ರಂದು ಸರ್ಕಾರ ಪ್ರಾಣಿಗಳ ಸಾಗಣೆಯನ್ನು ನಿಷೇಧಿಸುವ ಹೊತ್ತಿಗೆ ಕಾಲ ಮಿಂಚಿತ್ತು. ಮೊದಲ ಪ್ರಕರಣ ಪತ್ತೆಯಾಗುವ ಮುನ್ನವೇ ಕನಿಷ್ಠ 57 ಕಡೆ ರೋಗ ಬೇರುಬಿಟ್ಟಿತ್ತೆಂದು ಆಮೇಲೆ ನಡೆದ ವಿಚಾರಣೆಯಲ್ಲಿ ತಿಳಿಯಿತು.

ಮುಂದಿನ ಏಳು ತಿಂಗಳಲ್ಲಿ ದೇಶದಲ್ಲಿ ಒಟ್ಟು 2,026 ಹೊಲಗಳಲ್ಲಿ ರೋಗ ಖಚಿತವಾಯಿತು. ಅವುಗಳಲ್ಲಿ 893 ಕಂಬ್ರಿಯಾ ಒಂದರಲ್ಲೇ. ಅಂದರೆ ಶೇಕಡಾ 44. ಕೊನೆಯ ಪ್ರಕರಣ ಸೆಪ್ಟೆಂಬರ್ 30ರಂದು ವರದಿಯಾದದ್ದೂ ಅದೇ ಕೌಂಟಿಯಲ್ಲಿ.

ಕೊಲ್ಲಲೇಬೇಕಿತ್ತೆ?

ಇಷ್ಟು ಮಂದಿ ಕೇಳುವ ಮೊದಲ ಪ್ರಶ್ನೆ: ವಾಸಿಯಾಗುವ ಕಾಯಿಲೆಗೆ ಪ್ರಾಣಿಗಳನ್ನು ಕೊಲ್ಲುವುದೇಕೆ? ಲಸಿಕೆ ಹಾಕಬಾರದಿತ್ತೆ?

ಉತ್ತರ ವಿಜ್ಞಾನಕ್ಕಿಂತ ವ್ಯಾಪಾರದಲ್ಲಿದೆ. ‘ಕಾಲುಬಾಯಿ ಜ್ವರ ಇಲ್ಲದ ದೇಶ’ ಎಂಬ ಅಂತರರಾಷ್ಟ್ರೀಯ ಮನ್ನಣೆ ಇದ್ದರೆ ಮಾತ್ರ ಮಾಂಸ, ಜಾನುವಾರುಗಳ ರಫ್ತು ಸಲೀಸು. ರೋಗ ಬಂದ ಕೂಡಲೆ ಆ ಮನ್ನಣೆ ಹೋಗುತ್ತದೆ. ಲಸಿಕೆ ಹಾಕದೆ, ರೋಗ ತಗಲಿದ ಹಿಂಡುಗಳನ್ನು ಕೊಂದು ಮುಗಿಸಿದರೆ ಕೊನೆಯ ಪ್ರಕರಣದ ಮೂರು ತಿಂಗಳ ಬಳಿಕ ಅದನ್ನು ತಿರುಗಿ ಪಡೆಯಬಹುದು. ಲಸಿಕೆ ಹಾಕಿದ ಪ್ರಾಣಿಗಳನ್ನು ಉಳಿಸಿಕೊಂಡರೆ ಅದಕ್ಕಿಂತ ಬಹಳ ಹೆಚ್ಚು ಕಾಲ ಕಾಯಬೇಕಿತ್ತು. ಯಾಕೆಂದರೆ ಲಸಿಕೆಯಿಂದಲೂ ರಕ್ತದಲ್ಲಿ ಪ್ರತಿಕಾಯಗಳು ಹುಟ್ಟುತ್ತವೆ, ರೋಗದಿಂದಲೂ ಹುಟ್ಟುತ್ತವೆ. ಇವೆರಡನ್ನೂ ಬೇರ್ಪಡಿಸಿ ಹೇಳುವ, ಎಲ್ಲ ದೇಶಗಳೂ ಒಪ್ಪಿದ ಪರೀಕ್ಷೆ ಅಂದು ಇರಲಿಲ್ಲ.

ಮಾರ್ಚ್ ಕೊನೆಯಲ್ಲಿ ದಿನಕ್ಕೆ 40ಕ್ಕೂ ಮೇಲೆ ಹೊಸ ಪ್ರಕರಣಗಳು ಬರತೊಡಗಿದವು. ಗಣಿತದ ಮಾದರಿಗಳನ್ನು ಕಟ್ಟಿ ರೋಗದ ಓಟವನ್ನು ಲೆಕ್ಕ ಹಾಕಿದ ವಿಜ್ಞಾನಿಗಳ ಸಲಹೆಯಂತೆ ಸರ್ಕಾರ ಕಠಿಣ ನಿಯಮ ತಂದಿತು. ರೋಗ ಕಂಡ ಹೊಲದ ಪ್ರಾಣಿಗಳನ್ನು 24 ಗಂಟೆಯೊಳಗೆ, ಅದಕ್ಕೆ ಅಂಟಿಕೊಂಡ ಹೊಲಗಳ ಪ್ರಾಣಿಗಳನ್ನು 48 ಗಂಟೆಯೊಳಗೆ ಕೊಲ್ಲಬೇಕು. ಎಂದರೆ, ಆರೋಗ್ಯವಾಗಿಯೇ ಇದ್ದ ಲಕ್ಷಾಂತರ ಪ್ರಾಣಿಗಳೂ ಹೋದವು. ಕಂಬ್ರಿಯಾದಲ್ಲಿ ರೋಗ ಕಂಡ ಜಾಗದಿಂದ ಮೂರು ಕಿಲೋಮೀಟರ್ ಸುತ್ತಳತೆಯ ಕುರಿಗಳನ್ನೂ ಸೇರಿಸಲಾಯಿತು. ಸೈನ್ಯ ಬಂತು. ಗ್ರೇಟ್ ಆರ್ಟನ್ ಎಂಬಲ್ಲಿನ ಹಳೆಯ ವಿಮಾನ ನಿಲ್ದಾಣದಲ್ಲಿ ಉದ್ದನೆಯ ಕಂದಕಗಳನ್ನು ತೋಡಿ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಹೂಳಲಾಯಿತು.

ಆ ವರ್ಷದ ಮೇ 3ರಂದು ನಡೆಯಬೇಕಿದ್ದ ಸ್ಥಳೀಯ ಚುನಾವಣೆಗಳನ್ನೂ, ಅಂದೇ ನಡೆಯುವುದೆಂದು ಎಲ್ಲರೂ ನಿರೀಕ್ಷಿಸಿದ್ದ ಸಾರ್ವತ್ರಿಕ ಚುನಾವಣೆಯನ್ನೂ ಜೂನ್ 7ಕ್ಕೆ ಮುಂದೂಡಬೇಕಾಯಿತು ಎಂದರೆ ಪರಿಸ್ಥಿತಿಯ ತೀವ್ರತೆ ಅರಿವಾಗುತ್ತದೆ.

ಪರಿಹಾರದ ಲೆಕ್ಕ

ಬ್ರಿಟನ್ನಿನ ಕಾನೂನಿನಂತೆ, ರೋಗ ತಡೆಗಾಗಿ ಸರ್ಕಾರ ಕೊಲ್ಲಿಸಿದ ಪ್ರಾಣಿಗೆ ಅದರ ಪೂರ್ತಿ ಬೆಲೆಯನ್ನು ರೈತನಿಗೆ ಕೊಡಬೇಕು. ರೋಗ ತಗಲಿದ್ದರೆ, ತಗಲುವ ಮುನ್ನ ಅದಕ್ಕಿದ್ದ ಬೆಲೆ. ಆರೋಗ್ಯವಾಗಿದ್ದರೆ, ಕೊಲ್ಲುವ ಮುನ್ನ ಇದ್ದ ಮಾರುಕಟ್ಟೆ ಬೆಲೆ. ಇದು ಕೇವಲ ದಯೆಯಲ್ಲ. ರೈತ ರೋಗವನ್ನು ಮುಚ್ಚಿಡದೆ ತಾನೇ ಮುಂದೆ ಬಂದು ಹೇಳಲಿ ಎಂಬ ವಿವೇಕವೂ ಇದರಲ್ಲಿದೆ. ಹೇಳಿದರೆ ಕೈಯಲ್ಲಿದ್ದದ್ದೂ ಹೋಗುತ್ತದೆ ಎಂದಾದರೆ ಯಾರು ತಾನೆ ಹೇಳಿಯಾರು?

ಪ್ರತಿಯೊಂದು ಹಿಂಡಿಗೂ ಬೆಲೆ ಕಟ್ಟಲು ಅನುಭವಸ್ಥ ಮೌಲ್ಯಮಾಪಕರು ಹೋಗಬೇಕಿತ್ತು. ಆದರೆ ಬೆಲೆ ಕಟ್ಟುವವರಿಗಾಗಿ ಕಾದರೆ ಕೊಲ್ಲುವುದು ತಡವಾಗುತ್ತದೆ. ತಡವಾದಷ್ಟೂ ರೋಗ ಹರಡುತ್ತದೆ. ಆದ್ದರಿಂದ ಮಾರ್ಚ್ 22ರಂದು ಸರ್ಕಾರ ಒಂದು ದರಪಟ್ಟಿ ಪ್ರಕಟಿಸಿತು. ರೈತ ಇದನ್ನು ಒಪ್ಪಬಹುದು, ಇಲ್ಲವೇ ಮೌಲ್ಯಮಾಪಕರನ್ನು ಕೇಳಬಹುದು. ಬೇಗ ಒಪ್ಪಲಿ ಎಂದು ದರಗಳನ್ನು ಧಾರಾಳವಾಗಿಯೇ ಇಟ್ಟಿದ್ದರು.

ಇಲ್ಲೊಂದು ಅರ್ಥಶಾಸ್ತ್ರದ ಪಾಠವಿದೆ. ಆ ಪಟ್ಟಿ ತಳಮಟ್ಟದ ಬೆಲೆಯಾಗಿಬಿಟ್ಟಿತು. ‘ಸಾಮಾನ್ಯ ಕುರಿಗೇ ಇಷ್ಟಾದರೆ ನನ್ನ ಒಳ್ಳೆಯ ಕುರಿಗೆ ಇನ್ನೂ ಹೆಚ್ಚಲ್ಲವೆ?’ ಎಂದು ರೈತರು ಮೌಲ್ಯಮಾಪಕರನ್ನೇ ಕರೆಸಿದರು. ಬೆಲೆಗಳು ಏರುತ್ತ ಹೋದವು. ಸಂತೆಗಳು ಮುಚ್ಚಿದ್ದರಿಂದ ನಿಜವಾದ ಮಾರುಕಟ್ಟೆ ಬೆಲೆ ಯಾವುದೆಂದು ಹೇಳುವ ಆಧಾರವೂ ಇರಲಿಲ್ಲ. ಜುಲೈ ಕೊನೆಯಲ್ಲಿ ಆ ಪಟ್ಟಿಯನ್ನು ಕೈಬಿಡಲಾಯಿತು. ಅಷ್ಟರಲ್ಲಿ ಬಹುಪಾಲು ಪ್ರಾಣಿಗಳು ಹೋಗಿದ್ದವು.

ಒಟ್ಟಿನಲ್ಲಿ ರೈತರಿಗೆ ಪರಿಹಾರ ಮತ್ತಿತರ ರೂಪದಲ್ಲಿ ಸಂದದ್ದು 130 ಕೋಟಿ ಪೌಂಡುಗಳಿಗೂ ಹೆಚ್ಚು. ಬ್ರಿಟನ್ನಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ 2002ರಲ್ಲಿ ಕೊಟ್ಟ ವರದಿಯಂತೆ ಸರ್ಕಾರಕ್ಕೆ ತಗಲಿದ ವೆಚ್ಚ 300 ಕೋಟಿ ಪೌಂಡುಗಳಿಗೂ ಮೇಲೆ. ಖಾಸಗಿ ವಲಯದ ನಷ್ಟ 500 ಕೋಟಿ ಪೌಂಡುಗಳಿಗೂ ಮೇಲೆ.

ಉಳಿದವನ ಪಾಡು

ಹಣದ ಮೊತ್ತ ದೊಡ್ಡದು, ನಿಜ. ಆದರೆ ಅದು ಯಾರಿಗೆ ಸಿಕ್ಕಿತು ಎಂಬುದನ್ನು ನೋಡಿದರೆ ಒಂದು ವಿಚಿತ್ರ ಕಾಣಿಸುತ್ತದೆ. ಪರಿಹಾರ ಸಿಕ್ಕಿದ್ದು ಪ್ರಾಣಿ ಸತ್ತವನಿಗೆ. ಪ್ರಾಣಿ ಬದುಕಿದವನಿಗೆ ಅಲ್ಲ!

ರೋಗ ತಗಲದೆ ಉಳಿದ ಹೊಲದವನನ್ನು ನೋಡಿ. ಸಾಗಣೆ ನಿಷೇಧದಿಂದ ಅವನು ಒಂದು ಕುರಿಯನ್ನೂ ಮಾರುವಂತಿಲ್ಲ. ಚಳಿಗಾಲದ ಮೇವಿಗೆಂದು ತಗ್ಗಿನ ಊರುಗಳಿಗೆ ಕಳಿಸಿದ್ದ ಕುರಿಗಳನ್ನು ಮನೆಗೆ ತರುವಂತಿಲ್ಲ. ಕೆಸರಿನ ಹೊಲದಲ್ಲೇ ಅವು ಈಯುತ್ತಿವೆ, ಮೇವು ಮುಗಿದಿದೆ. ಖರ್ಚು ನಿಂತಿಲ್ಲ, ಆದಾಯ ನಿಂತಿದೆ. ಅಂಥವರಿಗಾಗಿ ಸರ್ಕಾರ ತಂದ ಯೋಜನೆಯೂ ಒಂದೇ ದಾರಿ ತೋರಿಸಿತು: ಸಾಕಲಾಗದ ಪ್ರಾಣಿಗಳನ್ನು ಒಪ್ಪಿಸಿ, ಕೊಂದು ಹಣ ಕೊಡುತ್ತೇವೆ. ಒಟ್ಟು ಹತವಾದ ಪ್ರಾಣಿಗಳಲ್ಲಿ 20 ಲಕ್ಷಕ್ಕೂ ಹೆಚ್ಚು ಈ ಲೆಕ್ಕಕ್ಕೆ ಸೇರಿದವು. ಅವಕ್ಕೆ ರೋಗವೇ ಇರಲಿಲ್ಲ.

ಪರಿಹಾರ ಪಡೆದವನೂ ಸುಖಿಯಲ್ಲ. ಹಸುವಿನ ಬೆಲೆ ಬಂತು, ಹಸು ಕೊಡುತ್ತಿದ್ದ ಹಾಲಿನ ಬೆಲೆ ಬರಲಿಲ್ಲ. ಕೊಟ್ಟಿಗೆ ತೊಳೆದು, ಸೋಂಕು ಕಳೆದು, ಮತ್ತೆ ಪ್ರಾಣಿ ತರಲು ಅನುಮತಿ ಸಿಗುವವರೆಗೆ ತಿಂಗಳುಗಟ್ಟಲೆ ಕೈಕಟ್ಟಿ ಕೂರಬೇಕು. ಅಷ್ಟು ಕಾಲದ ಆದಾಯ ನಷ್ಟಕ್ಕೆ ಕಾನೂನಿನಲ್ಲಿ ಪರಿಹಾರವಿಲ್ಲ. ಕಂಬ್ರಿಯಾದಲ್ಲಿ ಪ್ರವಾಸಿಗರನ್ನೇ ನಂಬಿದ್ದ ಸಣ್ಣ ವಸತಿಗೃಹಗಳವರ, ಚಹಾ ಅಂಗಡಿಯವರ ಪಾಡು ಇನ್ನೂ ಕಷ್ಟ. ಗುಡ್ಡದ ಕಾಲುದಾರಿಗಳನ್ನೆಲ್ಲ ಮುಚ್ಚಿದ್ದರಿಂದ ಪ್ರವಾಸಿಗರು ಬರಲಿಲ್ಲ. ರೈತರಿಗಿದ್ದಂಥ ಪರಿಹಾರದ ಹಕ್ಕು ಇವರಿಗೆ ಇರಲಿಲ್ಲ.

ಗುಡ್ಡವನ್ನು ಬಲ್ಲ ಕುರಿ

ಇನ್ನು ಬೆಲೆಯೇ ಕಟ್ಟಲಾಗದ ಒಂದು ವಸ್ತುವಿನ ಮಾತು.

ಕಂಬ್ರಿಯಾದ ಸರೋವರ ಸೀಮೆಯಲ್ಲಿ ಹರ್ಡ್‌ವಿಕ್ ಎಂಬ ಕುರಿ ತಳಿಯಿದೆ. ಮರಿಗಳು ಹುಟ್ಟುವಾಗ ಕಪ್ಪು. ಬೆಳೆದಂತೆ ಉಣ್ಣೆ ಬೂದಿ ಬಣ್ಣಕ್ಕೆ ತಿರುಗುತ್ತದೆ, ಮುಖ ಬೆಳ್ಳಗಾಗುತ್ತದೆ. ಮಕ್ಕಳ ಪುಸ್ತಕಗಳ ಲೇಖಕಿ ಬಿಯಾಟ್ರಿಕ್ಸ್ ಪಾಟರ್ ಈ ಕುರಿಗಳನ್ನು ಸಾಕಿ ಹೆಸರಾದವರು. 1943ರಲ್ಲಿ ಅವರು ತೀರಿಕೊಂಡಾಗ ಸುಮಾರು 4,000 ಎಕರೆ ಜಮೀನನ್ನು ನ್ಯಾಷನಲ್ ಟ್ರಸ್ಟ್‌ಗೆ ಬಿಟ್ಟುಹೋದರು.

ಈ ಕುರಿಗಳು ಮೇಯುವುದು ಎತ್ತರದ ಗುಡ್ಡಗಳ ಗೋಮಾಳಗಳಲ್ಲಿ. ಅಲ್ಲಿ ಹಲವಾರು ರೈತರ ಹಿಂಡುಗಳಿರುತ್ತವೆ, ನಡುವೆ ಬೇಲಿಯಿಲ್ಲ, ಕಾವಲುಗಾರನೂ ಇಲ್ಲ. ಆದರೂ ಒಂದು ಹಿಂಡು ಇನ್ನೊಂದರ ಜಾಗಕ್ಕೆ ಹೋಗುವುದಿಲ್ಲ. ಯಾವ ಬಂಡೆಯವರೆಗೆ ತನ್ನದು, ಯಾವ ತೊರೆಯಾಚೆ ಪರರದ್ದು, ಬಿರುಗಾಳಿಗೆ ಎಲ್ಲಿ ಮರೆ, ಹಿಮದಲ್ಲಿ ಎಲ್ಲಿ ಮೇವು ಎಂಬುದು ಕುರಿಗೆ ಗೊತ್ತು. ತಾಯಿಯ ಜೊತೆ ಮೊದಲ ಬೇಸಗೆಯನ್ನು ಗುಡ್ಡದ ಮೇಲೆ ಕಳೆದ ಮರಿ ಇದನ್ನು ಕಲಿಯುತ್ತದೆ. ಬೆಳೆದು ತನ್ನ ಮರಿಗೆ ಕಲಿಸುತ್ತದೆ. ಹೀಗೆ ನೂರಾರು ವರ್ಷಗಳಿಂದ ತಾಯಿಯಿಂದ ಮರಿಗೆ ಹರಿದು ಬಂದ ಈ ತಿಳಿವಳಿಕೆಯನ್ನು ಅಲ್ಲಿನ ಜನ ‘ಹೆಫ್ಟ್’ ಎನ್ನುತ್ತಾರೆ. ಹೊಲ ಕೈಬದಲಾದರೂ ಹಿಂಡನ್ನು ಗುಡ್ಡದಲ್ಲೇ ಬಿಟ್ಟುಹೋಗುವುದು ಅಲ್ಲಿನ ರೂಢಿ.

ಜೀವಶಾಸ್ತ್ರದ ವಿದ್ಯಾರ್ಥಿಗಳು ಗಮನಿಸಬೇಕಾದ ವಿಷಯ ಇದು. ಉಣ್ಣೆಯ ಬಣ್ಣ, ಚಳಿ ತಡೆಯುವ ಶಕ್ತಿ ವಂಶವಾಹಿಗಳಲ್ಲಿ ಬರುತ್ತವೆ. ‘ಹೆಫ್ಟ್’ ವಂಶವಾಹಿಯಲ್ಲಿಲ್ಲ, ಅದು ಕಲಿತದ್ದು. 2001ರಲ್ಲಿ ಹರ್ಡ್‌ವಿಕ್‌ನಂಥ ತಳಿಗಳು ಅಳಿದಾವೆಂಬ ಭಯದಿಂದ ಯಾರ್ಕ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಅವುಗಳ ವೀರ್ಯ ಮತ್ತು ಭ್ರೂಣಗಳನ್ನು ಶೈತ್ಯದಲ್ಲಿ ಕಾಪಿಡುವ ಕೆಲಸ ಆರಂಭಿಸಿದರು. ಅದರಿಂದ ತಳಿಯನ್ನು ಉಳಿಸಬಹುದು. ಆದರೆ ಗುಡ್ಡದ ನಕ್ಷೆಯನ್ನು ಶೀಶೆಯಲ್ಲಿಟ್ಟು ಘನೀಕರಿಸಲಾಗದು. ಒಂದು ಹಿಂಡು ಪೂರ್ತಿ ಹೋದರೆ ಕಲಿಸುವ ತಾಯಿಯೇ ಇಲ್ಲ. ಹೊಸ ಕುರಿ ತಂದು ಬಿಟ್ಟರೆ ಅದು ಇಡೀ ಗುಡ್ಡ ಅಲೆಯುತ್ತದೆ. ನೆರೆಯ ಹಿಂಡು ಸತ್ತು ಜಾಗ ಖಾಲಿಯಾದರೆ, ಉಳಿದ ಹಿಂಡೂ ಗಡಿ ಮರೆತು ಆ ಕಡೆ ಸರಿಯುತ್ತದೆ. ಮತ್ತೆ ‘ಹೆಫ್ಟ್’ ಕಟ್ಟಲು ಬೇಲಿ ಹಾಕಿ, ದಿನವೂ ಗುಡ್ಡ ಹತ್ತಿ, ಕುರಿಗಳನ್ನು ಅವುಗಳ ಜಾಗಕ್ಕೆ ತಿರುಗಿಸುತ್ತ ವರ್ಷಗಟ್ಟಲೆ ದುಡಿಯಬೇಕು. ದರಪಟ್ಟಿಯಲ್ಲಿ ಕುರಿಗೆ ಕಾಲಂ ಇತ್ತು. ಇದಕ್ಕೆ ಎಲ್ಲಿದೆ ಕಾಲಂ?

54 ದಿನಚರಿಗಳು

ಕಳೆದುಕೊಂಡದ್ದು ಕುರಿಗಳು ಮಾತ್ರವಲ್ಲ ಎಂಬುದನ್ನು ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದರು. ಉತ್ತರ ಕಂಬ್ರಿಯಾದ 54 ಜನ, ಹದಿನೆಂಟು ತಿಂಗಳ ಕಾಲ ವಾರವಾರವೂ ದಿನಚರಿ ಬರೆದರು. ಅವರಲ್ಲಿ ರೈತರಿದ್ದರು, ಪಶುವೈದ್ಯರು, ಅಂಗಡಿಯವರು, ಕಳೇಬರ ಸಾಗಿಸಿದವರೂ ಇದ್ದರು. 2005ರಲ್ಲಿ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಈ ಅಧ್ಯಯನ ಹೇಳಿದ್ದಿಷ್ಟು: ಜನ ಮನೆಯವರನ್ನು ಕಳೆದುಕೊಂಡವರಂತೆ ದುಃಖಿಸಿದರು, ಕಂಡ ದೃಶ್ಯಗಳು ಮತ್ತೆ ಮತ್ತೆ ಕಣ್ಣಮುಂದೆ ಬಂದವು, ಇನ್ನೊಮ್ಮೆ ರೋಗ ಬಂದೀತೆಂಬ ಭಯ ಬಿಡಲಿಲ್ಲ, ಅಧಿಕಾರದಲ್ಲಿರುವವರ ಮೇಲಿನ ನಂಬಿಕೆ ಹೋಯಿತು. ವೈದ್ಯರ ಬಳಿ ಹೋದವರು ಮಾತ್ರ ಕಡಿಮೆ. ಆಸ್ಪತ್ರೆಯ ದಾಖಲೆಗಳಲ್ಲಿ ಈ ನೋವು ಕಾಣಿಸಲೇ ಇಲ್ಲ.

ಕಲಿತ ಪಾಠ

ಸರ್ಕಾರ ವಿಚಾರಣೆಗಳನ್ನು ನಡೆಸಿತು. ಡಾ. ಇಯಾನ್ ಆಂಡರ್ಸನ್ ನೇತೃತ್ವದ ಸಮಿತಿಯೂ, ಸರ್ ಬ್ರಯನ್ ಫಾಲೆಟ್ ನೇತೃತ್ವದ ರಾಯಲ್ ಸೊಸೈಟಿಯ ಸಮಿತಿಯೂ 2002ರ ಜುಲೈನಲ್ಲಿ ವರದಿ ಕೊಟ್ಟವು. ರೋಗ ಬಂದ ಕ್ಷಣವೇ ಪ್ರಾಣಿ ಸಾಗಣೆ ನಿಲ್ಲಿಸಬೇಕು, ತುರ್ತು ಲಸಿಕೆಗೆ ಸಿದ್ಧವಿರಬೇಕು, ಲಸಿಕೆ ಹಾಕಿದ ಪ್ರಾಣಿಗಳನ್ನು ಬದುಕಲು ಬಿಡಬೇಕು ಎಂಬ ಅಭಿಪ್ರಾಯ ಬಲವಾಯಿತು. ಹಂದಿಗಳಿಗೆ ಕಲಗಚ್ಚು ಹಾಕುವುದನ್ನು 2001ರ ಮೇ ತಿಂಗಳಲ್ಲೇ ನಿಷೇಧಿಸಲಾಗಿತ್ತು. ಕೃಷಿ ಸಚಿವಾಲಯವನ್ನೇ ಜೂನ್‌ನಲ್ಲಿ ವಿಸರ್ಜಿಸಿ ಪರಿಸರ ಮತ್ತು ಗ್ರಾಮೀಣ ವಿಷಯಗಳನ್ನೂ ಸೇರಿಸಿ ಹೊಸ ಇಲಾಖೆ ಮಾಡಲಾಯಿತು. ಬ್ರಿಟನ್ನಿಗೆ ‘ರೋಗಮುಕ್ತ’ ಮನ್ನಣೆ 2002ರ ಜನವರಿ 22ರಂದು ಮರಳಿತು.

ಭಾರತದ ದಾರಿ ಬೇರೆ. ಇಲ್ಲಿ ದನವನ್ನು ಕೊಂದು ರೋಗ ತಡೆಯುವ ಮಾತೇ ಇಲ್ಲ, ಲಸಿಕೆಯೇ ಆಯುಧ. ಲಸಿಕೆಯ ರಕ್ಷಣೆ ಸುಮಾರು ಆರು ತಿಂಗಳಷ್ಟೆ. ಆದ್ದರಿಂದಲೇ ಪಶುಪಾಲನಾ ಇಲಾಖೆಯವರು ವರ್ಷಕ್ಕೆ ಎರಡು ಸಲ ಮನೆಬಾಗಿಲಿಗೆ ಬರುತ್ತಾರೆ. 2019ರಲ್ಲಿ ಕೇಂದ್ರ ಸರ್ಕಾರ 13,343 ಕೋಟಿ ರೂಪಾಯಿಗಳ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮ ಆರಂಭಿಸಿದಾಗ ಅದರ ಮುಖ್ಯ ಗುರಿ ಇದೇ ಕಾಲುಬಾಯಿ ಜ್ವರವಾಗಿತ್ತು. ಲಸಿಕೆ ತಪ್ಪಿದರೆ ಏನಾಗುತ್ತದೆಂಬುದನ್ನು 2013ರಲ್ಲಿ ದಕ್ಷಿಣ ಕರ್ನಾಟಕದ ಹಳ್ಳಿಗಳು ಕಂಡಿವೆ. ಆ ವರ್ಷ ಸಾವಿರಾರು ಹಸುಗಳು ಸತ್ತವು. 2022ರಲ್ಲಿ ಚರ್ಮಗಂಟು ರೋಗ ಬಂದಾಗ ಕರ್ನಾಟಕ ಸರ್ಕಾರ ಸತ್ತ ಹಸುವಿಗೆ 20 ಸಾವಿರ, ಎತ್ತಿಗೆ 30 ಸಾವಿರ, ಕರುವಿಗೆ 5 ಸಾವಿರ ರೂಪಾಯಿ ಪರಿಹಾರ ಘೋಷಿಸಿತು. ಆ ಹಸುವಿನ ಹಾಲಿನಿಂದಲೇ ಮಗಳ ಕಾಲೇಜಿನ ಫೀಸು ಕಟ್ಟುತ್ತಿದ್ದ ಮನೆಯಲ್ಲಿ ಈ ಹಣ ಎಷ್ಟು ದಿನ ಬರುತ್ತದೆ ಎಂಬ ಲೆಕ್ಕ ಕಂಬ್ರಿಯಾದ ಲೆಕ್ಕಕ್ಕಿಂತ ಬೇರೆಯೇನಲ್ಲ.

ಹಾಗೆಂದು ಪರಿಹಾರ ವ್ಯರ್ಥವೆನ್ನಲಾಗದು. ಅದಿಲ್ಲದಿದ್ದರೆ ಕಂಬ್ರಿಯಾದ ಎಷ್ಟೋ ಹೊಲಮನೆಗಳು ಮತ್ತೆ ಬಾಗಿಲು ತೆರೆಯುತ್ತಿರಲಿಲ್ಲ. ಹಣ ಬಂದದ್ದರಿಂದ ಕುರಿ ಬಂತು. ಕುರಿಗೆ ಗುಡ್ಡವನ್ನು ಪರಿಚಯಿಸುವ ಕೆಲಸವನ್ನು ಮಾತ್ರ ರೈತರು, ಅವರ ಮಕ್ಕಳು, ಅವರ ನಾಯಿಗಳು ಮಳೆ ಚಳಿಯೆನ್ನದೆ ತಾವೇ ಮಾಡಬೇಕಾಯಿತು. ಗುಡ್ಡ, ಕುರಿ, ಕುರಿಗಾಹಿಗಳ ಈ ನಂಟನ್ನು ಗುರುತಿಸಿಯೇ ಯುನೆಸ್ಕೊ 2017ರಲ್ಲಿ ಸರೋವರ ಸೀಮೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಗ್ರೇಟ್ ಆರ್ಟನ್‌ನ ಆ ಹಳೆಯ ವಿಮಾನ ನಿಲ್ದಾಣ ಈಗ ವಾಚ್‌ಟ್ರೀ ಎಂಬ ನಿಸರ್ಗಧಾಮ. ಕಂದಕಗಳ ಮೇಲೆ ಹುಲ್ಲು ಬೆಳೆದಿದೆ, ಸುತ್ತ ಗಿಡಮರಗಳಿವೆ, ಹಕ್ಕಿಗಳು ಬರುತ್ತವೆ. ಶಾಲೆಯ ಮಕ್ಕಳು ಪ್ರವಾಸ ಬಂದು ಹಕ್ಕಿಗಳನ್ನು ಗುರುತಿಸುತ್ತಾರೆ. ಅವರ ಕಾಲ ಕೆಳಗೆ ಏನಿದೆಯೆಂದು ಹೇಳುವ ಕೆಲಸ ಅವರ ಮೇಷ್ಟರದ್ದು.